ವಕ್ರತಲದ ಮೇಲಣ ಅಲಂಕಾರ: ಎರಡು ಮತಗಳ ವಿಮರ್ಶೆ

ಗಣಕಯಂತ್ರದಲ್ಲಿ ವಸ್ತುಗಳ ಆಕಾರವನ್ನು ರಚಿಸುವವರು ಮೊದಲು ನುಣುಪಾದೊಂದು ವಕ್ರತಲವನ್ನು ಕಲ್ಪಿಸಿ, ಬಳಿಕ ಅದರ ಮೇಲೆ ಉಬ್ಬುತಗ್ಗುಗಳನ್ನು ಸೇರಿಸುವರು. ಈ ತಲಕ್ಕೆ ಸ್ಪ್ಲೈನ್ ತಲವೆಂದು ಹೆಸರು. ಹಡಗಿನ ನಕ್ಷೆ ಬರೆಯುವವರು ಬಾಗಿಸಿ ಗೆರೆಯೆಳೆಯುತ್ತಿದ್ದ ತೆಳುಪಟ್ಟಿಯಿಂದ ಈ ಹೆಸರು ಬಂದಿತು. ಜಾಲದಂತೆ ಹರಡಿದ ನಿಯಾಮಕ ಬಿಂದುಗಳನ್ನು ಸರಿಸಿದರೆ ತಲವು ಅವನ್ನನುಸರಿಸಿ ಬಾಗುವುದು. ಸೇರಿಸಿದ ವಿವರವು ತಲದೊಡನೆ ಯಾವ ಸಂಬಂಧದಿಂದ ನಿಲ್ಲಬೇಕೆಂಬುದೇ ಇಲ್ಲಿ ವಿಚಾರಣೀಯವು.

ಬೇಕಾದೆಡೆಯಲ್ಲಿ ಬಿಂದುಗಳನ್ನು ಹೆಚ್ಚಿಸಿದರೆ ಸಾಲದೇ ಎಂದರೆ, ಸಾಲದು. ಒಂದೆಡೆ ಹೆಚ್ಚಿಸಿದ ಸಾಲು ತಲದ ಅಂಚಿನಿಂದ ಅಂಚಿನವರೆಗೂ ಹಬ್ಬುವುದು. ಮೂಗನ್ನು ತಿದ್ದಹೊರಟವನಿಗೆ ಬೆನ್ನಿನ ಬಿಂದುಗಳ ಭಾರವೂ ಒದಗುವುದು. ಇದನ್ನು ಕಂಡು ಫಾರ್ಸೀ, ಬಾರ್ಟೆಲ್ಸ್ ಎಂಬ ವಿದ್ವಾಂಸರು 1988ರಲ್ಲಿ ಶ್ರೇಣೀಬದ್ಧ ಕ್ರಮವನ್ನು ಪ್ರಕಟಿಸಿದರು. ಇದರಲ್ಲಿ ಬೇಕಾದ ಭಾಗ ಮಾತ್ರ ಸೂಕ್ಷ್ಮವಾಗುವುದು. ಅಲ್ಲಿನ ವಿವರವು ಮೂಲತಲದಿಂದ ಎಷ್ಟು, ಯಾವ ದಿಕ್ಕಿಗೆ ಸರಿದಿದೆಯೆಂಬ ಅಂತರವಾಗಿಯೇ ಲಿಖಿತವಾಗುವುದು. ಆದುದರಿಂದ ತಲವು ಬಾಗಿದರೆ ವಿವರವೂ ಜೊತೆಗೆ ಬಾಗುವುದು. ನಮ್ಮ ಕಾಣಿಯೂರಿನ ಸೀಮೆಯ ವಾಚಕರಿಗೆ ಇದು ಸುಲಭವೇದ್ಯವು. ತೆಂಕುತಿಟ್ಟಿನ ಯಕ್ಷಗಾನದಲ್ಲಿ ರಾಕ್ಷಸ ವೇಷಧಾರಿಯ ಮುಖಕ್ಕೆ ಅಕ್ಕಿಹಿಟ್ಟು ಸುಣ್ಣಗಳ ಚುಟ್ಟಿಯನ್ನು ಇಡುವರಷ್ಟೆ. ವೇಷವು ಅಬ್ಬರಿಸಿ ಕೆನ್ನೆ ಉಬ್ಬಿದಾಗ ಪ್ರತಿಯೊಂದು ಚುಟ್ಟಿಯೂ ತನ್ನ ನೆಲೆಯನ್ನು ಬಿಡದೆ ಕೆನ್ನೆಯೊಡನೆ ಚಲಿಸುವುದು.

ಆದರೆ ಈ ಕ್ರಮದಲ್ಲಿ ವಿವರವು ಮೂಲಜಾಲದ ಗೆರೆಗಳಿಗೆ ಹೊಂದಿಯೇ ಕೂಡಬೇಕು. ಓರೆಯಾಗಿ ತಿರುಗಿಸಲು ಬಾರದು. ಈ ಬಂಧನವನ್ನು ಕಳೆಯಲು 1990ರ ದಶಕದಲ್ಲಿ ಕೆನಡಾದ ವಾಟರ್‌ಲೂ ವಿಶ್ವವಿದ್ಯಾನಿಲಯದಲ್ಲಿ ಅಂಟಿಸುವ ಕ್ರಮವು ಬೆಳೆಯಿತು. ಬೇರೆಯಾಗಿ ಮಾಡಿದ ಮೂಗನ್ನೋ ಗುಬುಟನ್ನೋ ಮೂಲತಲದ ಯಾವ ಎಡೆಯಲ್ಲಾದರೂ, ಯಾವ ಓರೆಯಲ್ಲಾದರೂ ಇಡಬಹುದು. ಬೇಡವಾದರೆ ತೆಗೆಯಲೂ ಬಹುದು.

ನೈಯಾಯಿಕರ ಪರಿಭಾಷೆಯಲ್ಲಿ ಹೇಳುವುದಾದರೆ ಮೊದಲನೆಯದು ಸಮವಾಯಕ್ಕೂ ಎರಡನೆಯದು ಸಂಯೋಗಕ್ಕೂ ಸಮೀಪವು. ಸಂಯೋಗದ ದೋಷವೂ ಇಲ್ಲಿಗೆ ತಪ್ಪಿದ್ದಲ್ಲ. ಅಂಟಿಸುವ ಕ್ರಮದಲ್ಲಿ ವಿವರದ ನಿಯಾಮಕ ಬಿಂದುಗಳು ಮಾತ್ರ ಮೂಲತಲವನ್ನನುಸರಿಸುವುವು. ಅವುಗಳ ನಡುವಣ ಅಂಚು ತಲದ ಮೇಲೆ ಸರಿಯಾಗಿ ಕೂಡದೆ ಸೂಕ್ಷ್ಮವಾದ ಬಿರುಕು ಉಳಿಯುವುದು. ಅಂಚಿನ ಬಿಂದುಗಳನ್ನು ಹೆಚ್ಚಿಸಿದಂತೆ ಬಿರುಕು ಕಿರಿದಾಗುವುದೇ ಹೊರತು ಸಾಮಾನ್ಯವಾಗಿ ನಿಶ್ಶೇಷವಾಗದು. ಶ್ರೇಣೀಬದ್ಧ ಕ್ರಮದಲ್ಲಾದರೋ ಸಂಧಿಯ ನುಣುಪು ಗಣಿತದಿಂದಲೇ ಸಿದ್ಧವಾಗಿರುವುದು.

ಕಣ್ಣಿಗೆ ಕಾಣದ ಬಿರುಕಿನಿಂದ ಹಾನಿಯೇನೆಂಬುದು ಪೂರ್ವಪಕ್ಷವು. ತೆರೆಯ ಮೇಲಣ ಚಿತ್ರಕ್ಕೆ ಈ ಮಾತು ಸಲ್ಲುವುದು. ಆದರೆ ಅದೇ ತಲದಿಂದ ಅಚ್ಚನ್ನು ಕಡೆಯಬೇಕಾದಾಗ ಕಣ್ಣು ಪ್ರಮಾಣವಲ್ಲ. ಕೊರೆಯುವ ಉಪಕರಣಕ್ಕೆ ಬಿರುಕು ಬಿರುಕೇ. ಆದುದರಿಂದ ಸಂಧಿಯನ್ನು ಸುಗಮವೆಂದು ಹೊಗಳುವವರು ಎಷ್ಟು ಅಂತರವು ಉಳಿದಿದೆಯೆಂಬುದನ್ನು ಅಳೆದು ಹೇಳತಕ್ಕದ್ದು. ಅಳತೆಯಿಲ್ಲದ ಹೊಗಳಿಕೆ ಶಾಸ್ತ್ರಕ್ಕೆ ಒಪ್ಪದು.

ಹಾಗೆಂದು ಅಂಟಿಸುವ ಕ್ರಮವು ತ್ಯಾಜ್ಯವೆಂದು ನಮ್ಮ ಅಭಿಪ್ರಾಯವಲ್ಲ. ಆಕಾರವನ್ನು ಹುಡುಕುತ್ತಿರುವ ರಚನಕಾರನಿಗೆ ಇಟ್ಟು ತೆಗೆದು ನೋಡುವ ಸ್ವಾತಂತ್ರ್ಯವು ಅಮೂಲ್ಯವಾದುದು. ತಕ್ಕ ಸ್ಥಾನದಲ್ಲಿ ಇಟ್ಟುದೇ ಅಲಂಕಾರವೆಂದು ಕ್ಷೇಮೇಂದ್ರನು ಔಚಿತ್ಯವಿಚಾರಚರ್ಚೆಯಲ್ಲಿ ಪ್ರತಿಪಾದಿಸಿರುವನು. ತಕ್ಕ ಸ್ಥಾನವನ್ನು ಕಾಣಲು ಈ ಕ್ರಮವು ಸಾಧನವು. ಸ್ಥಾನವು ನಿಶ್ಚಿತವಾದ ಮೇಲೆ, ಕೃತಿಯು ಅಚ್ಚಿಗೆ ಹೋಗುವ ಮೊದಲು, ಸಂಧಿಯನ್ನು ನಿರ್ದುಷ್ಟಗೊಳಿಸುವುದು ಅವಶ್ಯವು. ಅನ್ವೇಷಣೆಗೆ ಸಂಯೋಗ, ನಿರ್ಮಾಣಕ್ಕೆ ಸಮವಾಯ ಎಂಬುದೇ ನಮ್ಮ ಸಿದ್ಧಾಂತವು. ವಿದ್ವಾಂಸರು ಇದನ್ನು ಪರಾಂಬರಿಸಬೇಕು.