ಎಣಿಕೆಗೆ ನಿಲುಕದ ಸಾವು: ಹಿರೋಶಿಮಾದ ಸಾಕ್ಷ್ಯಸಾಹಿತ್ಯ

ಅಣ್ವಸ್ತ್ರಗಳನ್ನು ಕುರಿತ ಚರ್ಚೆ ಬಹುಮಟ್ಟಿಗೆ ಅಂಕಿಗಳ ಭಾಷೆಯಲ್ಲಿಯೇ ನಡೆದುಬಂದಿದೆ. 1945ರ ಆಗಸ್ಟ್ 6ರ ಬೆಳಗ್ಗೆ 8 ಗಂಟೆ 15 ನಿಮಿಷಕ್ಕೆ ಹಿರೋಶಿಮಾದ ಮೇಲೆ ಸಿಡಿದ ಯುರೇನಿಯಂ ಬಾಂಬಿನ ಶಕ್ತಿ ಸುಮಾರು 15,000 ಟನ್ ಟಿಎನ್‌ಟಿಗೆ ಸಮ. ಆ ವರ್ಷದ ಕೊನೆಯ ವೇಳೆಗೆ ಸತ್ತವರು ಸುಮಾರು 1,40,000. ಆಗಸ್ಟ್ 9ರಂದು ನಾಗಸಾಕಿಯ ಮೇಲೆ ಬಿದ್ದ ಪ್ಲುಟೋನಿಯಂ ಬಾಂಬಿಗೆ ಅದೇ ಅವಧಿಯಲ್ಲಿ ಬಲಿಯಾದವರು ಸುಮಾರು 70,000. ಈ ಅಂಕಿಗಳು ಅಗತ್ಯವೇ ಹೌದು. ಆದರೆ ಅಸ್ತ್ರವನ್ನು ವಿರೋಧಿಸುವವರಂತೆ ಸಮರ್ಥಿಸುವವರೂ ಇವನ್ನು ಬಳಸಬಲ್ಲರು. ಯುದ್ಧ ಮುಂದುವರಿದಿದ್ದರೆ ಇನ್ನೆಷ್ಟು ಮಂದಿ ಸಾಯುತ್ತಿದ್ದರು ಎಂಬ ಊಹೆಯ ಲೆಕ್ಕದಿಂದ ಆದ ಸಾವುಗಳನ್ನು ಕಳೆಯುವ ವಾದ ಇಂದಿಗೂ ಕೇಳಿಬರುತ್ತದೆ. ಹಿರೋಶಿಮಾದ ಸಾಕ್ಷ್ಯಸಾಹಿತ್ಯ ಈ ವ್ಯವಕಲನವನ್ನು ಒಪ್ಪುವುದಿಲ್ಲ. ಆ ನಿರಾಕರಣೆಯ ಸ್ವರೂಪವನ್ನು ನಾಲ್ವರು ಜಪಾನಿ ಲೇಖಕರ ಕೃತಿಗಳ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಈ ಕೃತಿಗಳನ್ನು ನಾವು ಇಂಗ್ಲಿಷ್ ಅನುವಾದಗಳ ಮೂಲಕ ಓದಿದ್ದೇವೆ.

ಹಾರಾ ತಮಿಕಿ (1905–1951) ಬಾಂಬು ಸಿಡಿದಾಗ ಹಿರೋಶಿಮಾದಲ್ಲಿದ್ದ ಲೇಖಕ. ಆ ದಿನಗಳಲ್ಲಿ ಕಂಡದ್ದನ್ನು ಟಿಪ್ಪಣಿ ಪುಸ್ತಕದಲ್ಲಿ ಗುರುತಿಸಿಕೊಂಡು, ಅದರ ಆಧಾರದ ಮೇಲೆ ಬರೆದ ಕತೆ ‘ಬೇಸಗೆಯ ಹೂಗಳು’. ಇದಕ್ಕೆ ಮೊದಲು ಅವನು ಇಟ್ಟಿದ್ದ ಹೆಸರು ‘ಅಣುಬಾಂಬು’. ಅಮೆರಿಕದ ಆಕ್ರಮಿತ ಆಡಳಿತದ ಸೆನ್ಸಾರ್ ಭಯದಿಂದ ಕತೆ ತಡವಾಗಿ, 1947ರಲ್ಲಿ, ಹೊಸ ಹೆಸರಿನಿಂದ ಪ್ರಕಟವಾಯಿತು. ನಿರೂಪಕನು ತೀರಿಕೊಂಡ ಹೆಂಡತಿಯ ಸಮಾಧಿಗೆ ಹೂ ಒಯ್ಯುವುದರಿಂದ ಕತೆ ತೊಡಗುತ್ತದೆ. ಮೂರನೆಯ ದಿನ ಊರೇ ಇಲ್ಲವಾಗುತ್ತದೆ. ಒಂದು ಸಾವಿಗೆ ಹೂವಿಡಲು ವ್ಯವಧಾನವಿದ್ದ ಲೋಕ ಮತ್ತು ಅಂಥ ವ್ಯವಧಾನವೇ ಅಳಿದ ಲೋಕ, ಇವೆರಡನ್ನು ಹಾರಾ ಯಾವ ವ್ಯಾಖ್ಯಾನವೂ ಇಲ್ಲದೆ ಅಕ್ಕಪಕ್ಕದಲ್ಲಿ ಇರಿಸುತ್ತಾನೆ.

ಕತೆಯ ಮಧ್ಯದಲ್ಲಿ ನಿರೂಪಕನ ಅಣ್ಣನು ದಾರಿಬದಿಯ ಶವವೊಂದನ್ನು ತನ್ನ ಮಗನದೆಂದು ಗುರುತಿಸುವ ಸಂದರ್ಭವಿದೆ. ಗುರುತು ಹಿಡಿಯಲು ನೆರವಾಗುವುದು ಮುಖವಲ್ಲ, ಹಳದಿ ಬಣ್ಣದ ಚಡ್ಡಿ. ತಂದೆ ನೆನಪಿಗೆಂದು ಮಗನ ಉಗುರನ್ನೂ ಸೊಂಟದ ಪಟ್ಟಿಯನ್ನೂ ತೆಗೆದುಕೊಂಡು, ಹೆಸರಿನ ಚೀಟಿ ಕಟ್ಟಿ ಮುಂದೆ ಹೋಗುತ್ತಾನೆ. ಕನ್ನಡದ ಓದುಗರಿಗೆ ಇಲ್ಲಿ ರನ್ನನ ‘ಗದಾಯುದ್ಧ’ ನೆನಪಾಗುವುದು ಸಹಜ. ಕುರುಕ್ಷೇತ್ರದಲ್ಲಿ ಹೆಣಗಳ ನಡುವೆ ನಡೆಯುವ ದುರ್ಯೋಧನನಿಗೆ ದ್ರೋಣ, ದುಶ್ಶಾಸನ, ಲಕ್ಷಣಕುಮಾರ, ಕರ್ಣ ಒಬ್ಬೊಬ್ಬರಾಗಿ ಕಾಣಸಿಗುತ್ತಾರೆ. ಪ್ರತಿಯೊಬ್ಬನ ಎದುರು ನಿಂತು ಅವನು ಶೋಕಿಸಬಲ್ಲ. ಶತ್ರುಪಕ್ಷದ ಅಭಿಮನ್ಯುವಿಗೂ ಅಲ್ಲಿ ಗೌರವ ಸಲ್ಲುತ್ತದೆ. ಅಂದರೆ ಎಷ್ಟೇ ಘೋರವಾದ ಯುದ್ಧವಾದರೂ ಸತ್ತವನ ಹೆಸರು ಉಳಿದಿದೆ, ಶೋಕಕ್ಕೆ ಒಂದು ವಿಳಾಸವಿದೆ. ಹಾರಾನ ಕತೆಯ ಕೊನೆಯಲ್ಲಿ ಬರುವ ವ್ಯಕ್ತಿಯು ಹೆಂಡತಿಗಾಗಿ ಮೂರು ಹಗಲು ಮೂರು ರಾತ್ರಿ ಹೆಣಗಳ ಮುಖ ನೋಡುತ್ತ ಅಲೆದರೂ ಅವಳು ಸಿಗುವುದಿಲ್ಲ. ಅಣ್ವಸ್ತ್ರವು ಪ್ರಾಣದ ಜೊತೆಗೆ ಶೋಕಿಸುವ ಅವಕಾಶವನ್ನೂ ಸುಟ್ಟುಹಾಕುತ್ತದೆ ಎಂಬುದನ್ನು ಈ ಹೋಲಿಕೆ ಸ್ಪಷ್ಟಪಡಿಸುತ್ತದೆ.

ಹಾರಾನಿಗಿಂತ ಮೊದಲೇ ಬರೆಯಲು ಕುಳಿತವಳು ಓತಾ ಯೋಕೊ. ಕಾಗದ ಸಿಗದ ಆ ಕಾಲದಲ್ಲಿ ಬಾಗಿಲಿಗೆ ಅಂಟಿಸಿದ್ದ, ಮಸಿ ಹಿಡಿದ ಕಾಗದವನ್ನು ಬಳಸಿ ಅವಳು 1945ರ ಶರತ್ಕಾಲದ ವೇಳೆಗೆ ‘ಶವಗಳ ನಗರ’ವನ್ನು ಬರೆದು ಮುಗಿಸಿದಳು. 1948ರಲ್ಲಿ ಅದು ಕೆಲವು ಭಾಗಗಳನ್ನು ಕೈಬಿಟ್ಟು ಪ್ರಕಟವಾಯಿತು. ಪೂರ್ಣ ಪಾಠ ಬಂದದ್ದು 1950ರಲ್ಲಿ. ಹೆಣಗಳನ್ನು ಹೀಗೆ ನೋಡುತ್ತ ನಿಲ್ಲುವುದು ಹೇಗೆ ಸಾಧ್ಯವೆಂದು ತಂಗಿ ಕೇಳಿದಾಗ, ತಾನು ಮನುಷ್ಯಳ ಕಣ್ಣಿನಿಂದಲೂ ಲೇಖಕಿಯ ಕಣ್ಣಿನಿಂದಲೂ ನೋಡುತ್ತಿರುವುದಾಗಿ ಅವಳು ಉತ್ತರಿಸುತ್ತಾಳೆ. ಇಂಥ ಬರಹ ಸಾಹಿತ್ಯವೋ ದಾಖಲೆಯೋ ಎಂಬ ಪ್ರಶ್ನೆ ಜಪಾನಿನ ವಿಮರ್ಶೆಯಲ್ಲಿ ಬಹುಕಾಲ ಎದ್ದಿದೆ. ನಮ್ಮ ದೃಷ್ಟಿಯಲ್ಲಿ ಓತಾಳ ಉತ್ತರದಲ್ಲಿಯೇ ಅದಕ್ಕೆ ಸಮಾಧಾನವಿದೆ. ದಾಖಲೆ ಕಂಡದ್ದನ್ನು ಹೇಳುತ್ತದೆ. ಈ ಕೃತಿ ಕಾಣುವುದರ ಕಷ್ಟವನ್ನೂ ಹೇಳುತ್ತದೆ.

ಅಣ್ವಸ್ತ್ರದ ಹಾನಿ ಒಂದು ದಿನಕ್ಕೆ ಮುಗಿಯುವಂಥದಲ್ಲ ಎಂಬುದು ಇಬುಸೆ ಮಸುಜಿಯ ‘ಕಪ್ಪು ಮಳೆ’ ಕಾದಂಬರಿಯ ಮುಖ್ಯ ಶೋಧ. 1965–66ರಲ್ಲಿ ಧಾರಾವಾಹಿಯಾಗಿ ಬಂದ ಈ ಕೃತಿಯಲ್ಲಿ ಸೋದರ ಸೊಸೆ ಯಾಸುಕೊಳಿಗೆ ಕಾಯಿಲೆಯಿಲ್ಲವೆಂದು ಗಂಡಿನ ಕಡೆಯವರಿಗೆ ತೋರಿಸಿಕೊಡಲು ಷಿಗೆಮಾತ್ಸು ಹಳೆಯ ದಿನಚರಿಗಳನ್ನು ನಕಲು ಮಾಡುತ್ತಾನೆ. ನಕಲು ಮುಗಿಯುವ ಮೊದಲೇ ಯಾಸುಕೊ ಹಾಸಿಗೆ ಹಿಡಿಯುತ್ತಾಳೆ. ಆರೋಗ್ಯದ ಪ್ರಮಾಣಪತ್ರವಾಗಬೇಕಿದ್ದ ಬರಹ ರೋಗದ ಸಾಕ್ಷಿಯಾಗುತ್ತದೆ. ಇದು ಕೇವಲ ಕಥನತಂತ್ರವಲ್ಲ. ಆ ವಿಕಿರಣಯುಕ್ತ ಮಳೆಯಲ್ಲಿ ನೆನೆದಿದ್ದ 84 ಮಂದಿಯನ್ನು ಬಾಂಬ್‌ಪೀಡಿತರೆಂದು ಹಿರೋಶಿಮಾದ ಉಚ್ಚ ನ್ಯಾಯಾಲಯ ಮಾನ್ಯ ಮಾಡಿದ್ದು 2021ರಲ್ಲಿ, ಅಂದರೆ 76 ವರ್ಷಗಳ ನಂತರ. ಜಪಾನಿಯ ‘ಹಿಬಾಕುಶಾ’ ಪದಕ್ಕೆ ಬಾಂಬಿಗೆ ಈಡಾದವರು ಎಂದರ್ಥ. ಕನ್ನಡದಲ್ಲಿ ‘ಬದುಕುಳಿದವರು’ ಎಂದರೆ ಗಂಡಾಂತರ ಕಳೆಯಿತೆಂಬ ಧ್ವನಿ ಬರುತ್ತದೆ. ಮೂಲಪದದಲ್ಲಿ ಆ ಸಮಾಧಾನವಿಲ್ಲ.

ಸ್ಮರಣೆಗೆ ತನ್ನದೇ ಆದ ಅಪಾಯವೂ ಉಂಟು. ತಮ್ಮ ನೋವನ್ನು ಮಾತ್ರ ನೆನೆಯುವ ಜನಾಂಗ ತಾನು ಕೊಟ್ಟ ನೋವನ್ನು ಮರೆಯುವುದು ಸುಲಭ. ಈ ದೃಷ್ಟಿಯಿಂದ ಕುರಿಹಾರಾ ಸದಾಕೊ (1913–2005) ಅತ್ಯಂತ ಮಹತ್ವದ ಕವಯಿತ್ರಿ. 1946ರಲ್ಲಿ ಪ್ರಕಟವಾದ ಅವಳ ಕವಿತೆಯೊಂದು, ನೆಲಮಾಳಿಗೆಯ ಕತ್ತಲೆಯಲ್ಲಿ ಗಾಯಾಳು ಸೂಲಗಿತ್ತಿಯೊಬ್ಬಳು ಹೆರಿಗೆ ಮಾಡಿಸಿ ಬೆಳಗಾಗುವ ಮುನ್ನ ಸಾಯುವುದನ್ನು ಚಿತ್ರಿಸುತ್ತದೆ. ಅದೇ ಕವಯಿತ್ರಿ 1970ರ ದಶಕದ ಇನ್ನೊಂದು ಕವಿತೆಯಲ್ಲಿ, ಜಪಾನೀಯರು ಹಿರೋಶಿಮಾ ಎಂದಾಗ ಏಷ್ಯದ ಇತರ ಜನ ಮರುಕದಿಂದ ಓಗೊಡುವರೇ ಎಂದು ಪ್ರಶ್ನಿಸುತ್ತಾಳೆ. ಅವರಿಗೆ ನಾನ್‌ಜಿಂಗ್ ಮತ್ತು ಮನಿಲಾದ ಹತ್ಯಾಕಾಂಡಗಳು ನೆನಪಾಗುತ್ತವೆ. ತನ್ನ ಕೈ ತೊಳೆದುಕೊಳ್ಳದೆ ಇನ್ನೊಬ್ಬರ ಸಂತಾಪವನ್ನು ಬೇಡುವಂತಿಲ್ಲ ಎಂಬುದು ಅವಳ ನಿಲುವು. ಮೊದಲ ಕವಿತೆಯ ಕಾರುಣ್ಯಕ್ಕೆ ಎರಡನೆಯ ಕವಿತೆಯ ಆತ್ಮವಿಮರ್ಶೆ ಬಲ ಕೊಡುತ್ತದೆ.

ಈ ಆತ್ಮವಿಮರ್ಶೆಯನ್ನು ನಾವು ನಮಗೂ ಅನ್ವಯಿಸಿಕೊಳ್ಳಬೇಕಾಗಿದೆ. ಹಿರೋಶಿಮಾದಲ್ಲಿ ಮಡಿದವರಿಗೆ ನಮ್ಮ ಸಂಸತ್ತು ಶ್ರದ್ಧಾಂಜಲಿ ಸಲ್ಲಿಸಿದ್ದುಂಟು. 1974 ಮತ್ತು 1998ರಲ್ಲಿ ಪೋಖ್ರಾನಿನಲ್ಲಿ ಪರೀಕ್ಷೆಗಳನ್ನು ನಡೆಸಿದ್ದೂ ಇದೇ ದೇಶ. ಮೊದಲನೆಯದಕ್ಕೆ ನಗುವ ಬುದ್ಧನ ಹೆಸರು, ಎರಡನೆಯದಕ್ಕೆ ಶಕ್ತಿಯ ಹೆಸರು. ಹಿರೋಶಿಮಾವನ್ನು ಸುಟ್ಟ ಬಾಂಬಿಗೂ ಪುಟ್ಟ ಹುಡುಗ ಎಂಬ ಮುದ್ದಿನ ಹೆಸರಿತ್ತು. ಕನ್ನಡ ಪತ್ರಿಕೆಗಳಲ್ಲಿ ರಾಜಕಾರಣಿಗಳು ಹೇಳಿಕೆಯ ‘ಬಾಂಬ್ ಸಿಡಿಸುವುದು’ ನಿತ್ಯದ ನುಡಿಗಟ್ಟಾಗಿದೆ. ಭಾಷೆ ಅಸ್ತ್ರವನ್ನು ಹೀಗೆ ಪಳಗಿಸಿಕೊಂಡಾಗ ಅದರ ಭೀಕರತೆ ಕಿವಿಗೆ ಬೀಳದಾಗುತ್ತದೆ.

ಅಣ್ವಸ್ತ್ರವಿರುವುದರಿಂದಲೇ ದೊಡ್ಡ ಯುದ್ಧಗಳು ನಡೆದಿಲ್ಲವೆಂಬ ವಾದವನ್ನು ಲಘುವಾಗಿ ತಳ್ಳಿಹಾಕಲಾಗದು. ಆದರೆ ಆ ವಾದ ನಿಲ್ಲುವುದು ಸಾಮೂಹಿಕ ದಹನದ ಬೆದರಿಕೆಯ ಮೇಲೆ. ಆ ದಹನದಲ್ಲಿ ಸಾಯಬೇಕಾದವರು ಯಾರೆಂಬುದನ್ನು ಅದು ಎಂದೂ ಹೆಸರಿಸುವುದಿಲ್ಲ. ಮೇಲಾಗಿ ಯುದ್ಧವಿಲ್ಲದೆಯೂ ಈ ಅಸ್ತ್ರ ಕೊಂದಿದೆ: 1954ರ ಮಾರ್ಚ್ 1ರ ಬಿಕಿನಿ ಪರೀಕ್ಷೆಯ ಬೂದಿ ಬಿದ್ದ ಜಪಾನಿ ದೋಣಿಯ 23 ಮೀನುಗಾರರಲ್ಲಿ ಒಬ್ಬ ಅದೇ ವರ್ಷ ತೀರಿಕೊಂಡ. 1956ರಲ್ಲಿ ಸ್ಥಾಪಿತವಾದ ಬಾಂಬ್‌ಪೀಡಿತರ ಒಕ್ಕೂಟ ನಿಹೋನ್ ಹಿಡಾಂಕ್ಯೋಗೆ 2024ರ ನೊಬೆಲ್ ಶಾಂತಿ ಪ್ರಶಸ್ತಿ ದೊರೆತದ್ದು ಈ ಸಾಕ್ಷ್ಯದ ಬಲದಿಂದ. 2017ರಲ್ಲಿ ಅಂಗೀಕೃತವಾಗಿ 2021ರಲ್ಲಿ ಜಾರಿಗೆ ಬಂದ ಅಣ್ವಸ್ತ್ರ ನಿಷೇಧ ಒಪ್ಪಂದದ ಪೀಠಿಕೆಯೂ ಹಿಬಾಕುಶಾರ ಯಾತನೆಯನ್ನು ನೆನೆಯುತ್ತದೆ. ಅಸ್ತ್ರ ಹೊಂದಿರುವ ಒಂಬತ್ತು ರಾಷ್ಟ್ರಗಳಲ್ಲಿ ಒಂದೂ ಅದಕ್ಕೆ ಸೇರಿಲ್ಲ, ಭಾರತವೂ ಅವುಗಳಲ್ಲೊಂದು. ಜಪಾನೂ ಹೊರಗೆ ಉಳಿದಿದೆ.

ಆಗಸ್ಟ್ 6ರಂದು ಊರಿನೊಳಗೆ ಇದ್ದವರ ಸಂಖ್ಯೆ ವರ್ಷ ವರ್ಷಕ್ಕೆ ಇಳಿಯುತ್ತಿದೆ. ಇನ್ನು ಮುಂದೆ ಸಾಕ್ಷ್ಯದ ಭಾರ ಪಠ್ಯಗಳ ಮೇಲೆ, ಆದ್ದರಿಂದ ಅನುವಾದಕರ ಮೇಲೆಯೂ ಬೀಳುತ್ತದೆ. ಹಾರಾ ತನ್ನ ಕತೆಯ ಒಂದು ಭಾಗವನ್ನು, ಪರಭಾಷಾ ಪದಗಳಿಗೆ ಬಳಸುವ ಕಾತಾಕಾನಾ ಲಿಪಿಯಲ್ಲಿ ಬರೆದ. ಆ ದೃಶ್ಯಕ್ಕೆ ಪರಿಚಿತ ಬರವಣಿಗೆ ಒಗ್ಗದೆಂಬುದು ಅವನ ಅನಿಸಿಕೆಯಾಗಿತ್ತು. ಎರಡು ಲಿಪಿಗಳಿಲ್ಲದ ಕನ್ನಡ ಅದನ್ನು ಹೇಗೆ ತರಬೇಕು? ಹೊರನಾಡುಗಳಲ್ಲಿದ್ದು ನಿತ್ಯವೂ ಎರಡು ಮೂರು ಲಿಪಿಗಳ ನಡುವೆ ಬಾಳುವ ಕನ್ನಡ ಸಂಶೋಧಕರು ಈ ಪ್ರಶ್ನೆಯನ್ನು ಕೈಗೆತ್ತಿಕೊಳ್ಳಲು ತಕ್ಕವರೆಂದು ನಾವು ಭಾವಿಸುತ್ತೇವೆ. ಅಸ್ತ್ರಗಳ ನಿರ್ಮೂಲನ ರಾಜ್ಯಗಳ ನಿರ್ಧಾರದಿಂದ ಆಗಬೇಕಾದ ಕೆಲಸ. ಆ ನಿರ್ಧಾರವನ್ನು ಒತ್ತಾಯಿಸುವ ಪ್ರಜೆಗೆ, ಸತ್ತವರನ್ನು ಎಣಿಸದೆ ಗುರುತಿಸುವ ಭಾಷೆಯನ್ನು ಒದಗಿಸುವುದು ಸಾಹಿತ್ಯದ ಕೆಲಸ.