ಮಲೆನಾಡಿನ ಮಳೆ ಮತ್ತು ಕಲ್ಲಿನ ಹೊರಗೋಡೆ

ಶೃಂಗೇರಿಯ ವಿದ್ಯಾಶಂಕರ ದೇಗುಲಕ್ಕೆ ಬಂದವರ ಕಣ್ಣೆಲ್ಲ ಒಳಗಿನ ಹನ್ನೆರಡು ರಾಶಿಕಂಬಗಳ ಮೇಲೆ. ವಿದ್ಯಾರ್ಥಿಗಳನ್ನು ಕರೆತರುವ ಅಧ್ಯಾಪಕರೂ ಯಾವ ತಿಂಗಳು ಯಾವ ಕಂಬಕ್ಕೆ ಬಿಸಿಲು ಎಂದು ಹೇಳಿ ಮುಂದೆ ಸಾಗುತ್ತಾರೆ. ಹೊರಗೆ ನಿಂತು ನೋಡಬೇಕಾದ ಭೌತವಿಜ್ಞಾನ ಅಲ್ಲೇ ಉಳಿಯುತ್ತದೆ. 14ನೇ ಶತಮಾನದ ಈ ಗುಡಿ ಎತ್ತರದ ಜಗತಿಯ ಮೇಲಿದೆ. ಗೋಡೆಯಿಂದಾಚೆಗೆ ಕಲ್ಲಿನ ಸೂರು ಚಾಚಿದೆ. ಜಗತಿ ನೆಲದ ತೇವವನ್ನು ಕೆಳಗೇ ತಡೆದರೆ, ಸೂರು ಮಳೆನೀರನ್ನು ಗೋಡೆಗೆ ತಾಗದಂತೆ ದೂರಕ್ಕೆ ಬೀಳಿಸುತ್ತದೆ.

ಈಗ ಕೊಪ್ಪ, ಶೃಂಗೇರಿ ಪೇಟೆಗಳಲ್ಲಿ ಏಳುತ್ತಿರುವ ಕಟ್ಟಡಗಳನ್ನು ನೋಡಿ. ಸೂರಿಲ್ಲದ ನೇರ ಗೋಡೆ, ಅದಕ್ಕೆ ಅಂಟಿಸಿದ ನುಣುಪು ಗ್ರಾನೈಟ್ ಹಲಗೆ. ಕೇಳಿದರೆ ಬರುವ ಉತ್ತರ ಒಂದೇ: 'ಗ್ರಾನೈಟ್ ಗಟ್ಟಿ, ಬಾಳಿಕೆ ಬರುತ್ತದೆ.' ಈ ತರ್ಕ ನನಗೆ ಒಪ್ಪಿಗೆಯಿಲ್ಲ. ಗಟ್ಟಿತನವೆಂದು ನಾವು ಅಳೆಯುವುದು ಕಲ್ಲನ್ನು ಒತ್ತಿ ಪುಡಿಮಾಡಲು ಬೇಕಾದ ಬಲವನ್ನು. ಅಂಟಿಸಿದ ಹಲಗೆ ಹೊರುವುದು ತನ್ನ ತೂಕವನ್ನಷ್ಟೇ. ಅದು ಎದುರಿಸಬೇಕಾದದ್ದು ನೀರನ್ನು ಮತ್ತು ಉಷ್ಣತೆಯ ಏರಿಳಿತವನ್ನು.

ಹೆಲ್ಸಿಂಕಿಯ ಫಿನ್‌ಲಾಂಡಿಯಾ ಸಭಾಂಗಣ ಇದಕ್ಕೆ ಪ್ರಸಿದ್ಧ ನಿದರ್ಶನ. 1971ರಲ್ಲಿ ಮುಗಿದ ಈ ಕಟ್ಟಡಕ್ಕೆ ಇಟಲಿಯ ಕರಾರಾ ಅಮೃತಶಿಲೆಯ ತೆಳು ಹಲಗೆ ಹೊದಿಸಿದ್ದರು. ಕ್ರಮೇಣ ಹಲಗೆಗಳು ಬಾಗಿದವು. 1990ರ ದಶಕದ ಕೊನೆಯಲ್ಲಿ ಅವನ್ನು ಬದಲಿಸಿದರು; ಹೊಸವೂ ಬಾಗಿದವು. ಕಾಯಿಸಿದಾಗ ಕ್ಯಾಲ್ಸೈಟ್ ಹರಳು ಒಂದು ದಿಕ್ಕಿನಲ್ಲಿ ಹಿಗ್ಗಿ, ಅದಕ್ಕೆ ಲಂಬವಾದ ದಿಕ್ಕಿನಲ್ಲಿ ಕುಗ್ಗುತ್ತದೆ. ಹರಳುಗಳ ನಡುವಿನ ಬಿಗಿ ಹೀಗೆ ಸಡಿಲವಾಗುತ್ತದೆ. ತೇವ ಸೇರಿದರೆ ಇನ್ನೂ ಹೆಚ್ಚು.

ನಮ್ಮಲ್ಲಿ ಉಷ್ಣತೆಯ ಪಾತ್ರ ಚಿಕ್ಕದು. ಗ್ರಾನೈಟಿನ ವ್ಯಾಕೋಚನ ಗುಣಾಂಕ ಪ್ರತಿ ಡಿಗ್ರಿಗೆ ಸುಮಾರು 8×10⁻⁶. ಒಂದು ಮೀಟರ್ ಹಲಗೆ 30 ಡಿಗ್ರಿ ಬಿಸಿಯೇರಿದರೆ ಹಿಗ್ಗುವುದು ಕಾಲು ಮಿಲಿಮೀಟರಿನಷ್ಟು. ಕಲಬುರಗಿಯ ಬಿಸಿಲಿನಲ್ಲಿ ಮೊದಲು ಲೆಕ್ಕ ಹಾಕಬೇಕಾದದ್ದು ಇದು. ಮಲೆನಾಡಿನಲ್ಲಿ ಮೊದಲ ಪ್ರಶ್ನೆ ನೀರು. ಶೃಂಗೇರಿಗೆ ಹತ್ತಿರದ ಆಗುಂಬೆಯ ವಾರ್ಷಿಕ ಸರಾಸರಿ ಮಳೆ 7,000 ಮಿಲಿಮೀಟರ್ ದಾಟುತ್ತದೆ. ಪೂರ್ವಕ್ಕೆ, ನರಸಿಂಹರಾಜಪುರದತ್ತ ಸಾಗಿದಂತೆ ಮಳೆ ಸಾಕಷ್ಟು ಕಡಿಮೆಯಾಗುತ್ತದೆ. ಒಂದೇ ಬಗೆಯ ಹೊದಿಕೆ ಅಲ್ಲಿ ನಡೆದೀತು, ಶೃಂಗೇರಿಯಲ್ಲಿ ನಡೆಯದು.

ಹೊದಿಕೆಯ ಹಿಂದೆ ಜಂಬಿಟ್ಟಿಗೆಯ ಗೋಡೆ ಇದ್ದರಂತೂ ತೊಂದರೆ ಹೆಚ್ಚು. ಕಬ್ಬಿಣ, ಅಲ್ಯೂಮಿನಿಯಂ ಆಕ್ಸೈಡುಗಳಿಂದ ತುಂಬಿದ ಈ ಕಲ್ಲು ನೆಲದಿಂದ ಕಡಿಯುವಾಗ ಮೃದು, ಗಾಳಿಗೆ ಒಣಗಿದಂತೆ ಗಟ್ಟಿ. ಮೈತುಂಬ ರಂಧ್ರ. ಕಣ್ಣಿಗೆ ಕಾಣುವ ತೂತುಗಳಲ್ಲಿ ನೀರು ಅಷ್ಟಾಗಿ ಏರದು; ಆದರೆ 10 ಮೈಕ್ರಾನ್ ತ್ರಿಜ್ಯದ ಸೂಕ್ಷ್ಮನಾಳದಲ್ಲಿ ಕೇಶಾಕರ್ಷಣೆಯಿಂದ ಸುಮಾರು ಒಂದೂವರೆ ಮೀಟರ್ ಏರಬಲ್ಲದು. h = 2T/ρgr ಸೂತ್ರದಲ್ಲಿ ಬೆಲೆಗಳನ್ನಿಟ್ಟು ವಿದ್ಯಾರ್ಥಿಗಳೇ ತಾಳೆ ನೋಡಬಹುದು. ಹೀಗೆ ಕುಡಿದ ನೀರನ್ನು ಬರಿಯ ಜಂಬಿಟ್ಟಿಗೆ ಗೋಡೆ ಮಳೆಗಾಲ ಮುಗಿದ ಮೇಲೆ ಗಾಳಿಗೆ ಬಿಟ್ಟುಕೊಡುತ್ತದೆ. ಗ್ರಾನೈಟ್ ಅಂಟಿಸಿದರೆ ಆ ದಾರಿ ಮುಚ್ಚಿತು. ಸಂದುಗಳಿಂದ ಎರಚಲು ಒಳಗೆ ಹೋಗುತ್ತದೆ, ಹೊರಬರಲು ದಾರಿಯಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯೇ ತೇವದಿಂದ ತುಂಬಿರುವಾಗ ಆವೀಕರಣವೂ ಮಂದ. ಕೊನೆಗೆ ತೇವ ಒಳಮುಖವಾಗಿ ಹೊರಟು, ಕೋಣೆಯ ಗಾರೆ ಉದುರಿ, ಲವಣದ ಬಿಳಿ ಹುಡಿ ಕಾಣಿಸುತ್ತದೆ. ಯಜಮಾನರು ಬೈಯುವುದು ಬಣ್ಣ ಬಳಿದವನನ್ನು!

ಗ್ರಾನೈಟೇ ಬೇಡವೆಂದಲ್ಲ. ಹಲಗೆಯನ್ನು ಲೋಹದ ಕೊಂಡಿಗಳಲ್ಲಿ ನಿಲ್ಲಿಸಿ, ಹಿಂದೆ ಗಾಳಿಯಾಡುವ ಸಂದು ಬಿಟ್ಟು, ಮೇಲೆ ಸೂರು ಚಾಚಿದರೆ ಅದೂ ಒಳ್ಳೆಯ ಹೊರಗೋಡೆಯೇ. ಖರ್ಚು ಹೆಚ್ಚು. ಮಳೆಯ ದಿಕ್ಕಿನ ಗೋಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದ ಹಿಂದಿನವರು ಇದೇ ಕೆಲಸವನ್ನು ಕಡಿಮೆ ಖರ್ಚಿನಲ್ಲಿ ಮಾಡುತ್ತಿದ್ದರು.

ಶಾಲೆಯಲ್ಲೇ ಇದನ್ನು ಪರೀಕ್ಷಿಸಬಹುದು. ಸಮ ಗಾತ್ರದ ಎರಡು ಒಣ ಜಂಬಿಟ್ಟಿಗೆ ತುಂಡುಗಳನ್ನು ತೂಗಿ. ಒಂದರ ಬುಡ ಬಿಟ್ಟು ಉಳಿದೆಲ್ಲ ಮುಖಗಳಿಗೆ ಎಣ್ಣೆಬಣ್ಣ ಬಳಿದು ಒಣಗಿಸಿ ಮತ್ತೆ ತೂಗಿ. ಎರಡನ್ನೂ ಒಂದು ಅಂಗುಲ ನೀರಿನಲ್ಲಿ ವಾರವಿಟ್ಟು, ತೆಗೆದು, ಒಣ ಹಲಗೆಯ ಮೇಲೆ ನಿಲ್ಲಿಸಿ ದಿನವೂ ತೂಗುತ್ತಾ ಹೋಗಿ. ಯಾವುದು ಎಷ್ಟು ದಿನಕ್ಕೆ ಮೊದಲಿನ ತೂಕಕ್ಕೆ ಮರಳಿತು ಎಂದು ನಕ್ಷೆ ಬರೆಯಿರಿ. ಜುಲೈನಲ್ಲೊಮ್ಮೆ, ಜನವರಿಯಲ್ಲೊಮ್ಮೆ ಮಾಡಿದರೆ ಇನ್ನೂ ಒಳ್ಳೆಯದು.