ಬೆಳಕಿನಿಂದ ವಯೋನಿರ್ಣಯ: ತರುಣ ನಕ್ಷತ್ರಗಳ ಮಾದರಿಗಳ ವಿಮರ್ಶೆ

ಹುಟ್ಟುತ್ತಿರುವ ನಕ್ಷತ್ರವು ಧೂಳಿನ ಮುಸುಕಿನಲ್ಲಿ ಮರೆಯಾಗಿರುವುದು. ಅದರ ಬೆಳಕನ್ನು ಧೂಳು ಹೀರಿ, ಕಾದು, ಅವಕೆಂಪು ಕಿರಣಗಳಾಗಿ ಹೊರಸೂಸುವುದು. ನೋಡುವವನಿಗೆ ದೊರೆಯುವುದು ಕೆಲವು ತರಂಗಾಂತರಗಳಲ್ಲಿ ಅಳೆದ ಬೆಳಕಿನ ಪ್ರಮಾಣಗಳಷ್ಟೆ. ಇವುಗಳಿಂದ ನಕ್ಷತ್ರದ ಸ್ಥಿತಿಗತಿಗಳನ್ನು ಊಹಿಸುವ ಪ್ರಯತ್ನಗಳಲ್ಲಿ, ರೊಬಿಟಾಯ್ ಮತ್ತು ಅವರ ಸಂಗಡಿಗರು 2006ರಲ್ಲಿ ಪ್ರಕಟಿಸಿದ ಮಾದರಿಸಂಗ್ರಹವು ಗಣ್ಯವಾದುದು.

ಇದರಲ್ಲಿ 20,000 ಮಾದರಿಗಳಿವೆ. ಒಂದೊಂದನ್ನೂ 10 ಕೋನಗಳಿಂದ ನೋಡಿದಂತೆ ಗಣಿಸಿರುವುದರಿಂದ ಬೆಳಕಿನ ರೇಖೆಗಳು 2,00,000 ಆಗುತ್ತವೆ. ಅಳತೆಗೆ ಒಂದೇ ಮಾದರಿಯನ್ನು ಹೊಂದಿಸಿ ತೃಪ್ತಿಪಡದೆ, ಹೊಂದುವ ಮಾದರಿಗಳೆಲ್ಲವನ್ನೂ ಮುಂದಿಟ್ಟು ಸಂದೇಹದ ವ್ಯಾಪ್ತಿಯನ್ನು ತೋರಿಸುವುದು ಇದರ ಮೊದಲ ಗುಣ. ಎರಡನೆಯದು, ‘ವರ್ಗ’ ಮತ್ತು ‘ಅವಸ್ಥೆ’ಗಳ ವಿವೇಚನೆ. 1987ರಲ್ಲಿ ಲಾಡಾ ಅವರು ವ್ಯವಸ್ಥೆಗೊಳಿಸಿದ ವರ್ಗಗಳು ಅವಕೆಂಪು ರೇಖೆಯ ಇಳಿಜಾರನ್ನು ಆಧರಿಸಿದವು. ಆದರೆ ಮುಸುಕು ಕಳಚಿದ ನಕ್ಷತ್ರವೂ ತನ್ನ ಧೂಳಿನ ಬಿಲ್ಲೆಯ ಅಂಚು ನಮ್ಮ ಕಡೆಗಿದ್ದಾಗ ಎಳೆಯದರಂತೆ ತೋರಬಹುದು. ಆದುದರಿಂದ ವರ್ಗವೆಂಬುದು ತೋರಿಕೆ, ಅವಸ್ಥೆಯೆಂಬುದು ವಸ್ತುಸ್ಥಿತಿ. ಇವೆರಡನ್ನೂ ಬೇರ್ಪಡಿಸಿದುದು ಯುಕ್ತವೇ ಸರಿ.

ದೋಷವಾದರೋ ಅಡಿಪಾಯದಲ್ಲಿಯೇ ಇದೆ. ಈ ಸಂಗ್ರಹದಲ್ಲಿ ನಕ್ಷತ್ರದ ವಯಸ್ಸು ಮತ್ತು ದ್ರವ್ಯರಾಶಿಗಳನ್ನು ಮೊದಲೇ ಆರಿಸಿಕೊಂಡು, ವಿಕಾಸಸಿದ್ಧಾಂತದ ಮೂಲಕ ಅದರ ತ್ರಿಜ್ಯವನ್ನೂ ಉಷ್ಣತೆಯನ್ನೂ ಪಡೆಯಲಾಗಿದೆ. ಮುಸುಕಿನ ಪ್ರಮಾಣಗಳ ಮಿತಿಯೂ ವಯಸ್ಸಿಗೆ ತಕ್ಕಂತೆ ಗೊತ್ತಾದುದು. ಹೀಗಿರಲು, ಈ ಮಾದರಿಗಳನ್ನು ಬಳಸಿದವನು ‘ಎಳೆಯ ನಕ್ಷತ್ರಗಳಿಗೆ ಮುಸುಕು ದಟ್ಟ’ವೆಂದು ಕಂಡುಕೊಂಡರೆ, ಅದು ಆಕಾಶದ ಸಾಕ್ಷ್ಯವೋ ಸಂಗ್ರಹಕಾರರ ಪೂರ್ವಕಲ್ಪನೆಯ ಪ್ರತಿಧ್ವನಿಯೋ ಎಂದು ಹೇಳುವುದು ಕಷ್ಟ. ಭಾಷೆಯ ಲಕ್ಷಣದಿಂದ ಕವಿಯ ಕಾಲವನ್ನು ಊಹಿಸಿ, ಆ ಕಾಲವನ್ನೇ ಆಧಾರಮಾಡಿಕೊಂಡು ಭಾಷೆಯ ಚರಿತ್ರೆಯನ್ನು ಬರೆಯುವವರ ತರ್ಕಕ್ಕೂ ಇದಕ್ಕೂ ಭೇದವಿಲ್ಲ. ಸಂಗ್ರಹಕಾರರು ಈ ಅಪಾಯವನ್ನು ಮುಚ್ಚಿಡಲಿಲ್ಲವೆಂಬುದನ್ನೂ ಹೇಳಬೇಕು.

2017ರಲ್ಲಿ ರೊಬಿಟಾಯ್ ಅವರೇ ಹೊಸ ಸಂಗ್ರಹವನ್ನು ಪ್ರಕಟಿಸಿ, ವಯಸ್ಸು ಮತ್ತು ದ್ರವ್ಯರಾಶಿಗಳನ್ನು ಕೈಬಿಟ್ಟು, ತ್ರಿಜ್ಯ ಮತ್ತು ಉಷ್ಣತೆಗಳಿಂದಲೇ ಹೊರಟರು. ಸರಳ ರಚನೆಯಿಂದ ಜಟಿಲ ರಚನೆಯವರೆಗೆ ಹಲವು ಬಗೆಗಳನ್ನು ಕಟ್ಟಿ, ಯಾವ ಬಗೆ ಹೆಚ್ಚು ಸಂಭವನೀಯವೆಂದು ತೂಗಿನೋಡಿದರು. ವಿಮರ್ಶೆಗೆ ಒಳಗಾದ ವಿಧಾನವನ್ನು ಅದರ ಕರ್ತೃವೇ ತಿದ್ದಿದುದು ಶ್ಲಾಘ್ಯ. ಆದರೂ ರೇಖೆಗೆ ತನ್ನದೇ ಆದ ಮಿತಿಯುಂಟು. ಎಚ್‌ಎಲ್ ಟೌರಿ ನಕ್ಷತ್ರದ ಬಿಲ್ಲೆಯಲ್ಲಿ ಬೆಳಕು ಕತ್ತಲೆಗಳ ಬಳೆಗಳಿರುವುದು ಸ್ಪಷ್ಟವಾದುದು 2014ರಲ್ಲಿ, ಚಿಲಿ ದೇಶದ ಆಲ್ಮಾ ದೂರದರ್ಶಕಗಳು ಚಿತ್ರ ತೆಗೆದ ಮೇಲೆ. ಒಟ್ಟು ಬೆಳಕಿನ ಮೊತ್ತವೊಂದೇ ಅದನ್ನು ಸ್ಥಾಪಿಸಲಾರದು. ರೇಖೆಯು ಸಾಕ್ಷಿಯಾಗಬಲ್ಲುದು, ಚಿತ್ರದ ಬೆಂಬಲವಿಲ್ಲದೆ ಅದೇ ತೀರ್ಪಾಗದು.